ನಮ್ಮೂರ ಮುಟ್ಟಾಳೆ ಮತ್ತು ಅದನ್ನು ಮಾಡುವ ಹತ್ಯಾರುಗಳು

ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಬಗ್ಗೆ ಒಂದು ಲೇಖನ ಬೇಕು ಎಂದು ಸಂಪಾದಕ ಸಮಿತಿಯವರು ಕೇಳಿದಾಗ ನಾವು ಮೊದಲಿಗೆ ಹಿಂಜರಿದದ್ದು ನಿಜ. ನಿರ್ದೇಶಕರಾಗಿ ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದ್ದು ಬಿಟ್ಟರೆ ನಮಗೆ ಬರವಣಿಗೆಯ ಅಭ್ಯಾಸವಿಲ್ಲ. ದೇವಸ್ಥಾನದ ಇತಿಹಾಸ, ಶಾಲೆಯ ಇತಿಹಾಸ, ಸಂಘ ಬೆಳೆದು ಬಂದ ದಾರಿ ಇವನ್ನೆಲ್ಲ ಬಲ್ಲವರು ಬರೆಯುತ್ತಾರೆ. ಆದ್ದರಿಂದ ಯಾರೂ ಮುಟ್ಟದ ಒಂದು ವಿಷಯವನ್ನು ನಾವು ತೆಗೆದುಕೊಂಡಿದ್ದೇವೆ. ಅದು ಮುಟ್ಟಾಳೆ. ಅದರಲ್ಲೂ ಮುಖ್ಯವಾಗಿ ಮುಟ್ಟಾಳೆ ಮಾಡುವ ಹತ್ಯಾರುಗಳು. ಈ ಹತ್ಯಾರುಗಳ ವಿಷಯದಲ್ಲಿ ನಮ್ಮ ಸಂಘದಿಂದ, ಅಂದರೆ ನಮ್ಮಿಂದಲೇ, ಒಂದು ತಪ್ಪಾಗಿದೆ. ಬೆಳ್ಳಿಹಬ್ಬದ ಪುಸ್ತಕದಲ್ಲಿ ಒಳ್ಳೆಯದನ್ನು ಮಾತ್ರ ಬರೆಯಬೇಕು ಎಂದು ಕೆಲವರು ಹೇಳಿಯಾರು. ಇರಲಿ, ಪೂರ್ತಿ ಓದಿದ ಮೇಲೆ ಬೈಯಿರಿ.

ಈಗಿನ ಮಕ್ಕಳಿಗೆ ಮುಟ್ಟಾಳೆ ಅಂದರೆ ಆಟಿಡೊಂಜಿ ದಿನ, ಕೆಸರ್ಡೊಂಜಿ ದಿನದಂಥ ಕಾರ್ಯಕ್ರಮಗಳಲ್ಲಿ ಫೋಟೋ ತೆಗೆಯುವಾಗ ತಲೆಗೆ ಇಟ್ಟುಕೊಳ್ಳುವ ಟೊಪ್ಪಿ. ನಮ್ಮ ಹಿರಿಯರಿಗೆ ಅದು ಕತ್ತಿ, ಹಾರೆಯ ಹಾಗೆ ದಿನನಿತ್ಯದ ವಸ್ತು. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಸೋಗೆ ಬೀಳಿಸುತ್ತದೆ. ಸೋಗೆಯ ಬುಡದಲ್ಲಿ ಮರವನ್ನು ಸುತ್ತಿಕೊಂಡಿರುವ ಅಗಲದ ಭಾಗವೇ ಹಾಳೆ, ತುಳುವಿನಲ್ಲಿ ಪಾಳೆ. ಬಿದ್ದ ಹಾಳೆಯಿಂದ ಊಟದ ತಟ್ಟೆ, ನೀರು ಮೊಗೆಯುವ ಪಡಿಗೆ, ಬೀಸಣಿಗೆ ಎಲ್ಲ ಆಗುತ್ತಿತ್ತು. ಅದರಿಂದಲೇ ತಲೆಗೆ ಮುಟ್ಟಾಳೆ. ಮಲೆನಾಡಿನವರು ಇದನ್ನೇ ಹಾಳೆ ಟೊಪ್ಪಿ ಎನ್ನುತ್ತಾರೆ, ಕಾಸರಗೋಡಿನ ಕಡೆ ಮಲಯಾಳದಲ್ಲಿ ಪಾಳತ್ತೊಪ್ಪಿ ಎನ್ನುತ್ತಾರೆ. ಒಮ್ಮೆ ಘಟ್ಟದ ಮೇಲಿನಿಂದ ನಮ್ಮ ಶಾಲೆಗೆ ಬಂದ ಮಾಸ್ಟ್ರೊಬ್ಬರಿಗೆ ಯಾರೋ, "ಬಿಸಿಲುಂಟು ಮಾಸ್ಟ್ರೇ, ಮುಟ್ಟಾಳೆ ಇಡಿ" ಎಂದದ್ದಕ್ಕೆ, ತಮ್ಮನ್ನು ಮುಠ್ಠಾಳ ಎಂದರೆಂದು ತಿಳಿದು ಅವರು ಎರಡು ದಿನ ಮಾತು ಬಿಟ್ಟಿದ್ದರಂತೆ. ಆ ಶಬ್ದವೇ ಬೇರೆ, ಇದೇ ಬೇರೆ.

ರಸ್ತೆ, ಪಿಕಪ್ಪು, ಕೈಗಾಡಿ ಏನೂ ಇಲ್ಲದ ಕಾಲದಲ್ಲಿ ನಮ್ಮ ಗುಡ್ಡೆ ತೋಟದ ಊರಿನಲ್ಲಿ ಎಲ್ಲವೂ ತಲೆಹೊರೆಯಲ್ಲೇ ಸಾಗಬೇಕಿತ್ತು. ಗುಡ್ಡೆಯಿಂದ ಸೊಪ್ಪು, ಹಟ್ಟಿಯಿಂದ ಗೊಬ್ಬರ, ಗದ್ದೆಯಿಂದ ತೆನೆ, ಮನೆ ಕಟ್ಟಲು ಮುರಕಲ್ಲು, ಅಂಗಡಿಯಿಂದ ಉಪ್ಪಿನ ಮೂಟೆ. ಮುಟ್ಟಾಳೆ ಇದ್ದರೆ ಬೇರೆ ಸಿಂಬೆ ಬೇಡ. ನೆತ್ತಿಗೂ ಹಾಳೆಗೂ ನಡುವೆ ಸ್ವಲ್ಪ ಗಾಳಿ ಆಡುವ ಜಾಗ ಇರುವುದರಿಂದ ಹೊರೆಯ ಒತ್ತಡ ಒಂದೇ ಕಡೆ ಬೀಳುವುದಿಲ್ಲ, ತಲೆಯೂ ಕಾಯುವುದಿಲ್ಲ. ಹಸಿ ಗೊಬ್ಬರದ ಬುಟ್ಟಿಯಿಂದ ಸೋರುವ ನೀರು ಮುಖಕ್ಕೆ ಇಳಿಯದೆ ಅಂಚಿನಿಂದ ಹೊರಗೆ ಬೀಳುತ್ತದೆ. ಶೇಂದಿ ತೆಗೆಯುವ ಮೂರ್ತೆಯವರು ಮರ ಹತ್ತುವಾಗ ಮೇಲಿನಿಂದ ಬೀಳುವ ಕಸ, ಇರುವೆಗೆ ಅದೇ ರಕ್ಷಣೆ. ಸ್ವಾಮಿ ಕೊರಗಜ್ಜನ ತಲೆಯ ಮೇಲೆ ಇರುವುದೂ ಮುಟ್ಟಾಳೆಯೇ.

ಆದರೆ ಮುಟ್ಟಾಳೆಗೆ ಇನ್ನೊಂದು ಮುಖವೂ ಇತ್ತು. ಧಣಿಗಳ ಅಂಗಳಕ್ಕೆ ಕಾಲಿಡುವ ಮೊದಲು ಅದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳಬೇಕಿತ್ತು ಎಂದು ನಮ್ಮ ತಂದೆಯವರು ಹೇಳುತ್ತಿದ್ದರು. ನಮ್ಮದು ಗೇಣಿ ಒಕ್ಕಲು. 1974ರ ಭೂಸುಧಾರಣೆ ತಿದ್ದುಪಡಿ ಕಾಯಿದೆ ಬಂದು, ಡಿಕ್ಲರೇಶನ್ ಕೊಟ್ಟು, ಜಾಗ ನಮ್ಮ ಹೆಸರಿಗೆ ಆದ ಮೇಲೆ ತಂದೆಯವರು ಎರಡು ವರ್ಷ ಮುಟ್ಟಾಳೆಯನ್ನು ಮುಟ್ಟಲಿಲ್ಲವಂತೆ. ಹಟದಿಂದ ಬೈರಾಸು ಸುತ್ತಿಕೊಂಡೇ ಗೊಬ್ಬರ ಹೊತ್ತರು. ಕುತ್ತಿಗೆ ನೋವು ಹಿಡಿದಾಗ ನಮ್ಮ ತಾಯಿ, "ಧಣಿಗಳ ಮೇಲಿನ ಸಿಟ್ಟನ್ನು ಟೊಪ್ಪಿಯ ಮೇಲೆ ತೀರಿಸಿದರೆ ನೋವಾಗುವುದು ಯಾರಿಗೆ?" ಎಂದು ಕೇಳಿದ ಮೇಲೆ ಪುನಃ ಮುಟ್ಟಾಳೆ ಏರಿತು. ಇವತ್ತು ದೊಡ್ಡ ದೊಡ್ಡವರನ್ನು ಸ್ಟೇಜಿಗೆ ಕರೆದು ಅದೇ ಮುಟ್ಟಾಳೆ ತೊಡಿಸಿ ಸನ್ಮಾನ ಮಾಡುವುದನ್ನು ನೋಡುವಾಗ ನಮಗೆ ತಂದೆಯವರ ನೆನಪಾಗಿ ಒಳಗೊಳಗೇ ನಗು ಬರುತ್ತದೆ.

ಮುಟ್ಟಾಳೆಗೆ ಹೆಚ್ಚು ಗಿರಾಕಿ ಬಂದದ್ದು ಅಡಿಕೆಗೆ ಮದ್ದು ಬಿಡುವ ಕ್ರಮದಿಂದ. ಅಡಿಕೆಯ ಕೊಳೆರೋಗವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ, ಬೋರ್ಡೋ ದ್ರಾವಣ ಸಿಂಪಡಿಸಿದರೆ ಅದನ್ನು ತಡೆಯಬಹುದು ಎಂದು ತೋರಿಸಿಕೊಟ್ಟವರು ಮೈಸೂರು ಸರಕಾರದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ. ಕೊಳೆರೋಗದ ಬಗ್ಗೆ ಅವರ ವರದಿ ಪ್ರಕಟವಾದದ್ದು 1910ರಲ್ಲಿ. ಅದಕ್ಕೆ ಮೊದಲು ಮಲೆನಾಡಿನಲ್ಲಿ ಮಳೆ ತಾಗದ ಹಾಗೆ ಅಡಿಕೆ ಗೊನೆಗೇ ಹಾಳೆಯ ಕೊಟ್ಟೆ ಕಟ್ಟುತ್ತಿದ್ದರು. ಗೊನೆಗೂ ಒಂದು ಟೊಪ್ಪಿ ಎನ್ನಿ. ನಮ್ಮ ಜಿಲ್ಲೆ ಆಗ ಮದರಾಸು ಪ್ರಾಂತ್ಯದಲ್ಲಿತ್ತು, ಆದರೂ ಮದ್ದಿನ ಕ್ರಮ ನಿಧಾನವಾಗಿ ಇಲ್ಲಿಗೂ ಬಂತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಈ ಲೆಕ್ಕ ನಮ್ಮ ಸದಸ್ಯರಿಗೆ ಬಾಯಿಪಾಠ. ಮದ್ದು ಬಿಡುವವನ ತಲೆಯ ಮೇಲೆ ಅರ್ಧ ಮದ್ದು ಪುನಃ ಇಳಿಯುತ್ತದೆ. ಕಣ್ಣು ಉರಿ, ತಲೆಕೂದಲು ಗಂಟು. ಮುಟ್ಟಾಳೆ ಇದ್ದರೆ ಅದು ನೀಲಿಯಾಗುತ್ತದೆ, ತಲೆ ಉಳಿಯುತ್ತದೆ. ಹೀಗೆ ಪಗ್ಗು, ಬೇಶ ತಿಂಗಳು ಬಂತೆಂದರೆ ಮದ್ದಿನ ತಯಾರಿಯ ಜೊತೆಗೇ ಮುಟ್ಟಾಳೆಯ ತಯಾರಿ. ಕಾರ್ತೆಲ್ ಮಳೆ ಹಿಡಿಯುವ ಮೊದಲು ಮನೆಗೆ ಎರಡಾದರೂ ಬೇಕು.

ನಮ್ಮೂರಲ್ಲಿ ಅದನ್ನು ಮಾಡುತ್ತಿದ್ದವರು ತೋಡಿನ ಬದಿಯ ಅಜ್ಜ. ಊರಿಗೆಲ್ಲ ಅವರು ಮುಟ್ಟಾಳೆ ಅಜ್ಜ. ಇಲ್ಲಿಯೂ ಹಾಗೆಯೇ ಕರೆಯುತ್ತೇವೆ. ತಮ್ಮ ತಲೆಗೆ ತಾವೇ ಹೇಗೋ ಒಂದು ಮಡಚಿಕೊಳ್ಳುವವರು ಪ್ರತಿ ಮನೆಯಲ್ಲೂ ಇದ್ದರು, ಆದರೆ ಅದು ಒಂದು ಮಳೆಗಾಲಕ್ಕೆ ಬಾಯಿಬಿಡುತ್ತಿತ್ತು. ಅಜ್ಜನದ್ದು ಹಾಗಲ್ಲ. ನಮ್ಮ ಮನೆಯಲ್ಲಿ ಅವರ ಒಂದು ಮುಟ್ಟಾಳೆ ನಾಲ್ಕು ಮಳೆಗಾಲ ಕಂಡಿದೆ. ಸಣ್ಣವರಿದ್ದಾಗ ರಜೆಯಲ್ಲಿ ನಾವು ಅವರ ಜಗಲಿಯಲ್ಲಿ ಹೋಗಿ ಕೂರುತ್ತಿದ್ದೆವು. ಅವರು ಬೆಲೆ ಹೇಳುತ್ತಿರಲಿಲ್ಲ. ಅಕ್ಕಿಯೋ, ತೆಂಗಿನಕಾಯಿಯೋ, ಕೊಟ್ಟದ್ದು.

ಅಜ್ಜನ ಕ್ರಮ ಹೀಗಿತ್ತು. ಮರದಿಂದ ಬಿದ್ದ ದಿನವೇ ಹೆಕ್ಕಿದ ಹಾಳೆ ಬೇಕು. ಮಳೆ ತಾಗಿ ಕಪ್ಪು ಚುಕ್ಕೆ ಬಿದ್ದದ್ದು ಆಗದು. ಒಣಗಿಸಿ ಅಟ್ಟದಲ್ಲಿ ಹೊಗೆಗೆ ಇಟ್ಟು, ಬೇಕಾದಾಗ ತೋಡಿನ ನೀರಿನಲ್ಲಿ ಒಂದು ರಾತ್ರಿ ನೆನೆಸುವುದು. ಮರುದಿನ ಒಳಮೈಯ ತೆಳ್ಳಗಿನ ಪೊರೆಯನ್ನು ಎಬ್ಬಿಸಿ ತೆಗೆಯುವುದು. ಅದು ಉಳಿದರೆ ಬೂಸಲು ಬರುತ್ತದೆ. ಆಮೇಲೆ ದೊನ್ನೆ ಕಟ್ಟುವ ಹಾಗೆ ಎರಡು ತುದಿಗಳನ್ನು ನೆರಿಗೆ ಹಿಡಿದು, ಒಂದರ ಮೇಲೊಂದು ತಂದು ಹೊಲಿಯುವುದು. ಅಂಚಿಗೆ ಸುತ್ತಲೂ ಇನ್ನೊಂದು ಪಟ್ಟಿ ಕೊಟ್ಟು ಹೊಲಿಗೆ. ಕೊನೆಗೆ ಅಚ್ಚಿಗೆ ಏರಿಸಿ ನೆರಳಿನಲ್ಲಿ ಎರಡು ಮೂರು ದಿನ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ. ಓದುವಾಗ ಸುಲಭ ಕಾಣುತ್ತದೆ. ಹಾಳೆಯ ಗುಣ ಏನೆಂದರೆ ಅದರ ನಾರೆಲ್ಲ ಒಂದೇ ದಿಕ್ಕಿಗೆ ಉದ್ದಕ್ಕೆ ಓಡುತ್ತದೆ. ಎಲ್ಲಿ ಸ್ವಲ್ಪ ಬಲ ಹೆಚ್ಚಾಯಿತೋ ಅಲ್ಲಿಂದ ಉದ್ದಕ್ಕೆ ಸೀಳು. ಒಂದು ತೂತು ದೊಡ್ಡದಾದರೆ ಇಡೀ ಮುಟ್ಟಾಳೆ ಹೋದ ಹಾಗೆ. ಹಾಗಾಗಿ ಅಜ್ಜನಿಗೆ ಅಂಗಡಿಯ ಯಾವ ಸಾಮಾನೂ ಆಗುತ್ತಿರಲಿಲ್ಲ.

ಗೋಣಿ ಹೊಲಿಯುವ ದಬ್ಬಣವನ್ನೇ ತೆಗೆದುಕೊಳ್ಳಿ. ಅದು ದಪ್ಪ, ಬೆಣೆ ಹೊಡೆದ ಹಾಗೆ ಹಾಳೆಯನ್ನು ಸೀಳುತ್ತದೆ. ಬಟ್ಟೆ ಹೊಲಿಯುವ ಸೂಜಿ ತೆಳು, ಆದರೆ ಬಾಗಿ ಮುರಿಯುತ್ತದೆ. ಅಜ್ಜ ಕಂಡುಕೊಂಡದ್ದು ಹಳೆಯ ಉದ್ದ ಕೊಡೆಯ ಕಡ್ಡಿ. ನೀವು ಬಿಡಿಸಿ ನೋಡಿ: ಆ ಕಡ್ಡಿ ಉರುಟಲ್ಲ, ಉದ್ದಕ್ಕೂ ಒಂದು ಸಣ್ಣ ಕಾಲುವೆ ಇರುತ್ತದೆ. ತುದಿಯಲ್ಲಿ ಬಟ್ಟೆ ಕಟ್ಟಲು ಕೊಡೆ ಮಾಡಿದವರೇ ತೂತು ಇಟ್ಟಿರುತ್ತಾರೆ. ಅದೇ ಸೂಜಿಯ ಕಣ್ಣು. ನೂಲು ಹಾಕಿದರೆ ಅದು ಆ ಕಾಲುವೆಯ ಒಳಗೆ ಮಲಗುತ್ತದೆ, ಹಾಳೆಯ ತೂತು ಕಡ್ಡಿಯ ದಪ್ಪಕ್ಕಿಂತ ಹೆಚ್ಚಾಗುವುದಿಲ್ಲ. ಕಣ್ಣಿನ ತುದಿಯ ಮೊಂಡನ್ನು ಉಜ್ಜಿ ಮೊನೆ ಮಾಡಿದರೆ ಆಯಿತು. ಹೀಗೆ ಉಜ್ಜುವುದನ್ನು ಅವರು ಸಾಣೆಕಲ್ಲಿನ ಮೇಲೆ ನೀರು ಹಾಕಿ ಹಾಕಿ ಮಾಡುತ್ತಿದ್ದರು. ಒಂದು ಸೂಜಿಗೆ ಎರಡು ದಿನ.

ನಾವು ಏಳನೇ ತರಗತಿಯಲ್ಲಿದ್ದಾಗ ಅಜ್ಜನ ಮುಂದೆ ಬುದ್ಧಿವಂತಿಕೆ ತೋರಿಸಲು ಹೋಗಿ, ಮನೆಯ ಒಲೆಗೆ ಒಂದು ಕೊಡೆ ಕಡ್ಡಿ ಇಟ್ಟು ಕೆಂಪಗೆ ಕಾಯಿಸಿ, ಕಲ್ಲಿನ ಮೇಲೆ ಬಡಿದು ಹತ್ತು ನಿಮಿಷದಲ್ಲಿ ಮೊನೆ ಮಾಡಿಕೊಂಡು ಹೋದೆವು. ಅಜ್ಜ ಅದನ್ನು ಹೆಬ್ಬೆರಳಿನಿಂದ ಒತ್ತಿದರು. ಮೇಣದ ಹಾಗೆ ಬಾಗಿತು. "ಬೆಂಕಿ ಕಂಡ ಮೇಲೆ ಅದರ ಸತ್ವ ಹೋಯಿತು ಮಗಾ. ಕಡ್ಡಿಗೆ ಬಿಸಿ ತಾಗಬಾರದು, ಅದಕ್ಕೇ ನೀರು" ಎಂದರು. ಕೊಡೆ ತಂದೆಯವರದ್ದು. ಅವತ್ತು ಸಂಜೆ ಸಿಕ್ಕಿದ ಪೆಟ್ಟಿನ ವಿಷಯ ಇಲ್ಲಿ ಬೇಡ.

ನೂಲು ಮೊದಲಿಗೆ ಕತ್ತಾಳೆ ನಾರಿನದ್ದು. ಎಲೆಯನ್ನು ಕೊಳೆಸಿ, ತೆಂಗಿನ ಗೆರಟೆಯ ತುಂಡಿನಿಂದ ಕೆರೆದು ನಾರು ತೆಗೆದು, ತೊಡೆಯ ಮೇಲೆ ಹೊಸೆದು, ಜೇನುಮೇಣ ತಿಕ್ಕುವುದು. ಈ ಗೆರಟೆಯ ಅಂಚನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಿಟ್ಟಿದ್ದರು. ಹಾಳೆಯ ಪೊರೆ ಎಬ್ಬಿಸಲು ಅದರದೇ ಇನ್ನೊಂದು ತುಂಡು. ಕಬ್ಬಿಣ ಆಗದು, ಹಾಳೆಗೆ ಗಾಯವಾಗುತ್ತದೆ ಎನ್ನುತ್ತಿದ್ದರು. ನಮ್ಮ ಸಂಘ ಆರಂಭವಾಗಿ ಗೊಬ್ಬರದ ಗೋದಾಮು ಆದ ಮೇಲೆ ನೂಲಿಗೆ ಒಂದು ಹೊಸ ದಾರಿ ಸಿಕ್ಕಿತು. ಯೂರಿಯಾ ಚೀಲದ ಬಾಯಿ ಹೊಲಿದ ನೂಲಿನ ಸರಿಯಾದ ತುದಿ ಸಿಕ್ಕಿ ಎಳೆದರೆ ಸರ್ರನೆ ಪೂರ್ತಿ ಬಿಚ್ಚಿ ಬರುತ್ತದಲ್ಲ, ಅದು. ಅಜ್ಜ ವಾರಕ್ಕೊಮ್ಮೆ ಗೋದಾಮಿಗೆ ಬಂದು ಆ ನೂಲನ್ನು ಕೈಗೆ ಸುತ್ತಿಕೊಂಡು ಹೋಗುತ್ತಿದ್ದರು. ಸಂಘದಿಂದ ಅವರಿಗೆ ಸಿಕ್ಕಿದ ಸಹಾಯ ಅಷ್ಟೇ ಎಂದು ಬರೆಯಲು ನಮಗೆ ನಾಚಿಕೆಯಾಗುತ್ತದೆ.

ಕತ್ತಿ, ಒಂದು ಮುರಿದ ಎಕ್ಸೋ ಬ್ಲೇಡಿನದ್ದು. ಹಲ್ಲನ್ನು ಉಜ್ಜಿ ತೆಗೆದು, ಒಂದು ಬದಿಯನ್ನು ಹರಿತ ಮಾಡಿ, ಇನ್ನೊಂದು ತುದಿಗೆ ಬಟ್ಟೆ ಸುತ್ತಿದ್ದು. ನೆರಿಗೆ ಹಿಡಿಯಲು ಬಿದಿರಿನ ಚಿಮಟ: ಒಂದು ಗೇಣು ಬಿದಿರ ತುಂಡನ್ನು ಅರ್ಧದವರೆಗೆ ಸೀಳಿ, ಅದಕ್ಕೊಂದು ಬೆತ್ತದ ಬಳೆ. ಬಳೆಯನ್ನು ಮುಂದಕ್ಕೆ ನೂಕಿದರೆ ಬಿಗಿ, ಹಿಂದಕ್ಕೆ ಎಳೆದರೆ ಸಡಿಲ. ಇಂಥದ್ದು ಆರು ಇತ್ತು. ಆರು ಚಿಮಟ ನೆರಿಗೆ ಹಿಡಿದುಕೊಂಡಿರುವಾಗ ಹೊಲಿಯಲು ಎರಡು ಕೈ ಬಿಡುವು. ತಲೆಯ ಅಳತೆಗೆ ಗಂಟು ಹಾಕಿದ ಒಂದು ಹಗ್ಗ. ಯಾವ ಗಂಟು ಯಾವ ಮನೆಯವರ ತಲೆ ಎಂದು ಅವರಿಗೆ ಗೊತ್ತಿತ್ತು. ನಮ್ಮ ತಂದೆಯವರದ್ದು ಐದನೇ ಗಂಟು.

ಎಲ್ಲಕ್ಕಿಂತ ನಮಗೆ ಆಶ್ಚರ್ಯ ತಂದದ್ದು ಅಚ್ಚು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಯಾವ ಮರದ ತೊಗಟೆಯ ಕಷಾಯ ಕುಡಿಯುತ್ತೇವೋ ಅದೇ ಹಾಲೆ ಮರದ, ತುಳುವಿನಲ್ಲಿ ಪಾಲೆದ ಮರದ ತುಂಡು. ಅದು ಮೆತ್ತಗಿನ ಮರ, ಕೆತ್ತಲು ಸುಲಭ, ಹಗುರ. ಅಜ್ಜ ಅದನ್ನು ತಲೆಯ ಆಕಾರಕ್ಕೆ ಕೆತ್ತಿ, ಸರಿಯಾಗಿ ನಡುವಿಗೆ ಎರಡು ಹೋಳು ಮಾಡಿದ್ದರು. ಎರಡು ಹೋಳಿನ ನಡುವೆ ಒಂದು ಬೆಣೆ. ಒದ್ದೆ ಮುಟ್ಟಾಳೆಯನ್ನು ಅಚ್ಚಿಗೆ ಏರಿಸಿ ಬೆಣೆಯನ್ನು ಕೆಳಗಿನಿಂದ ಬಡಿದ ಹಾಗೆ ಅಚ್ಚು ಅಗಲವಾಗುತ್ತದೆ, ಹಾಳೆ ಬಿಗಿಯುತ್ತದೆ. ಹಗ್ಗದ ಅಳತೆ ಬಂದ ಕೂಡಲೇ ಬಡಿಯುವುದು ನಿಲ್ಲಿಸಬೇಕು. ಒಣಗಿದ ಮೇಲೆ ಬೆಣೆ ಹೊರಗೆಳೆದರೆ ಅಚ್ಚು ಕುಗ್ಗಿ ಮುಟ್ಟಾಳೆ ತಾನೇ ಬಿಡುತ್ತದೆ. ಒಂದೇ ಅಚ್ಚಿನಲ್ಲಿ ಮಕ್ಕಳದ್ದೂ ಆಗುತ್ತದೆ, ದೊಡ್ಡವರದ್ದೂ ಆಗುತ್ತದೆ. ಈ ಬೆಣೆಯ ಉಪಾಯ ಯಾರು ಹೇಳಿಕೊಟ್ಟರು ಅಜ್ಜಾ ಎಂದು ಕೇಳಿದ್ದಕ್ಕೆ, "ಹಾರೆಯ ಕಾವು ಸಡಿಲವಾದರೆ ನೀನು ಏನು ಮಾಡ್ತಿ?" ಎಂದು ನಮ್ಮನ್ನೇ ತಿರುಗಿ ಕೇಳಿದ್ದರು.

ಈಗ ತಪ್ಪಿನ ವಿಷಯಕ್ಕೆ ಬರುತ್ತೇವೆ.

2013ರಲ್ಲಿ ನಾವು ಮೊದಲ ಸಲ ನಿರ್ದೇಶಕರಾಗಿ ಆಯ್ಕೆಯಾದ ವರ್ಷ. ಅಷ್ಟರಲ್ಲಿ ತುಳು ಕಾರ್ಯಕ್ರಮಗಳು ಹೆಚ್ಚಾಗಿ ಮುಟ್ಟಾಳೆಗೆ ಪುನಃ ಬೇಡಿಕೆ ಬಂದಿತ್ತು. ಅಜ್ಜ ತಮ್ಮ ಸೊಸೆಯನ್ನು ಕರೆದುಕೊಂಡು ಸಂಘಕ್ಕೆ ಬಂದು ಎಂಟು ಸಾವಿರ ರೂಪಾಯಿ ಸಾಲಕ್ಕೆ ಅರ್ಜಿ ಕೊಟ್ಟರು. ಬೇಸಿಗೆಯಲ್ಲಿ ಹಾಳೆ ಕೊಂಡು ಇಡಲು, ಒಣಗಿಸಲು ಒಂದು ಚಪ್ಪರ ಹಾಕಲು. ಅರ್ಜಿಯಲ್ಲಿ ಒಂದು ಕಲಮು ಉಂಟು: ಯಂತ್ರೋಪಕರಣಗಳ ವಿವರ ಮತ್ತು ಮೌಲ್ಯ, ಕೊಟೇಶನ್ ಲಗತ್ತಿಸಿ. ಸೊಸೆಯವರು ಅಲ್ಲಿ ತಮ್ಮ ಅಕ್ಷರದಲ್ಲಿ "ಸೂಜಿ 7, ಚಿಮಟ 6, ಅಚ್ಚು 1, ಕತ್ತಿ 1" ಎಂದು ಬರೆದು ಮೌಲ್ಯದ ಜಾಗ ಖಾಲಿ ಬಿಟ್ಟಿದ್ದರು. ಬಿಲ್ಲು ಎಲ್ಲಿ ಎಂದು ಕೇಳಿದೆವು. ಅಜ್ಜ ಹಾಲಿನ ಪುಡಿಯ ಹಳೆ ಡಬ್ಬಿಯನ್ನು ಮೇಜಿನ ಮೇಲೆ ಮಗುಚಿದರು. ಕೊಡೆ ಕಡ್ಡಿ, ಗೆರಟೆ ತುಂಡು, ಎಕ್ಸೋ ಬ್ಲೇಡು, ಬಿದಿರು. ನಮ್ಮಲ್ಲೊಬ್ಬರು, "ಇದು ಗುಜರಿಗೆ ಹಾಕುವುದಾ ಅಜ್ಜ?" ಎಂದರು. ಎಲ್ಲರೂ ನಕ್ಕೆವು. ನಾವೂ ನಕ್ಕೆವು. ಆ ಸೂಜಿ ಮಾಡಲು ಎರಡು ದಿನ ಬೇಕು, ಬೆಂಕಿಗೆ ಇಡಬಾರದು ಎಂದು ಆ ಕೋಣೆಯಲ್ಲಿ ಅಜ್ಜನನ್ನು ಬಿಟ್ಟರೆ ಗೊತ್ತಿದ್ದವರು ನಾವೊಬ್ಬರೇ. ಬಾಯಿ ತೆರೆಯಲಿಲ್ಲ. ಹೊಸ ನಿರ್ದೇಶಕರು, ಮೊದಲನೇ ಸಭೆಗಳು, ಏನು ಹೇಳಿದರೆ ಏನಾಗುತ್ತದೋ ಎಂದು ಸುಮ್ಮನಿದ್ದೆವು. ಯಂತ್ರೋಪಕರಣ ಇಲ್ಲದಿರುವುದರಿಂದ ಅರ್ಜಿ ಮುಂದೂಡಲಾಗಿದೆ ಎಂದು ನಡಾವಳಿಯಲ್ಲಿ ಉಂಟು. ಕೆಳಗೆ ನಮ್ಮ ಸಹಿಯೂ ಉಂಟು. ಅ ಅರ್ಜಿ ಮುಂದೆ ಯಾವ ಸಭೆಗೂ ಬರಲಿಲ್ಲ.

ಅದೇ ಸಭೆಯಲ್ಲಿ ಹಾಳೆ ತಟ್ಟೆ ಮಾಡುವ ಮೆಷಿನಿಗೆ ಒಂದು ಸಾಲ ಪಾಸಾಯಿತು. ಅದಕ್ಕೆ ಕೊಟೇಶನ್ ಇತ್ತು, ಬಣ್ಣದ ಚಿತ್ರವೂ ಇತ್ತು. ತಟ್ಟೆ ಮೆಷಿನಿನ ಮೇಲೆ ನಮಗೆ ಸಿಟ್ಟಿಲ್ಲ, ನಮ್ಮ ತೋಟದ ಹಾಳೆಯನ್ನೂ ಅಲ್ಲಿಗೇ ಕೊಟ್ಟಿದ್ದೇವೆ. ನಾಲ್ಕು ಮನೆಯವರಿಗೆ ಅದರಿಂದ ಕೆಲಸ ಸಿಕ್ಕಿದೆ. ಆದರೆ ಅಲ್ಲಿಯವರೆಗೆ ಕೇಳಿದವರಿಗೆ ಪುಕ್ಕಟೆ ಸಿಗುತ್ತಿದ್ದ ಹಾಳೆಗೆ ಆಮೇಲೆ ಕ್ರಯ ಬಂತು. ಒಳ್ಳೆಯ ಅಗಲದ ಹಾಳೆಯೆಲ್ಲ ಮೊದಲೇ ಲೆಕ್ಕವಾಗಿ ಹೋಗುತ್ತಿತ್ತು. ಅಜ್ಜನಿಗೆ ಉಳಿದದ್ದು ಚುಕ್ಕೆ ಬಿದ್ದದ್ದು, ಸೀಳು ಬಿಟ್ಟದ್ದು.

ಸಹಕಾರದ ಇತಿಹಾಸ ಓದಿದವರಿಗೆ ಗೊತ್ತಿರುತ್ತದೆ, ನಮ್ಮ ಜಿಲ್ಲೆಯಲ್ಲಿ ಮೊಳಹಳ್ಳಿ ಶಿವರಾಯರು ಪುತ್ತೂರಿನಲ್ಲಿ 1909ರಲ್ಲಿ ಸಹಕಾರಿ ಸಂಘ ಕಟ್ಟಿದರು. ಅದಕ್ಕೆ ಆಧಾರವಾದ 1904ರ ಕಾಯಿದೆಯಲ್ಲಿ ಹಳ್ಳಿಯ ಸಂಘಗಳಿಗೆ ಅಪರಿಮಿತ ಹೊಣೆ ಎಂಬ ಕ್ರಮ ಇತ್ತು. ಒಬ್ಬನ ಸಾಲಕ್ಕೆ ಎಲ್ಲ ಸದಸ್ಯರೂ ಜವಾಬ್ದಾರರು. ಹಾಗಿದ್ದರೂ ಕೊಡುತ್ತಿದ್ದರು, ಯಾಕೆಂದರೆ ಸಾಲ ಕೇಳುವವನು ನೆರೆಮನೆಯವನು, ಅವನ ಕೈಕೆಲಸ ಹೇಗೆ, ಮಾತು ಹೇಗೆ ಎಂದು ಕೊಡುವವರಿಗೆ ಗೊತ್ತಿರುತ್ತಿತ್ತು. ನಮಗೂ ಅಜ್ಜ ಗೊತ್ತಿದ್ದರು. ಗೊತ್ತಿದ್ದದ್ದನ್ನು ಬರೆಯಲು ಕಲಮು ಇರಲಿಲ್ಲ, ಅಷ್ಟೆ.

ಅಜ್ಜ 2016ರ ಮಳೆಗಾಲದಲ್ಲಿ ತೀರಿಕೊಂಡರು. ಸೊಸೆಯವರು ಬೀಡಿ ಕಟ್ಟುವುದನ್ನೇ ಮುಂದುವರಿಸಿದರು. ಊರಿನಲ್ಲಿ ಮುಟ್ಟಾಳೆ ನಿಂತಿತು.

ಈ ಸಲ ಬೆಳ್ಳಿಹಬ್ಬದ ಸ್ವಾಗತ ಸಮಿತಿಯ ಸಭೆಯಲ್ಲಿ, ಅತಿಥಿಗಳಿಗೆ ಶಾಲು ಬೇಡ, ಮುಟ್ಟಾಳೆ ತೊಡಿಸೋಣ, ಮೂವತ್ತು ಬೇಕು ಎಂದು ತೀರ್ಮಾನವಾಯಿತು. ಪೇಟೆಯಿಂದ ಮಾದರಿಗೆ ಎರಡು ತರಿಸಿದೆವು. ನೋಡಲು ಚಂದ, ಅಂಚಿಗೆ ಬಣ್ಣದ ಬಟ್ಟೆ ಬೇರೆ. ಒಳಗೆ ನೋಡಿದರೆ ನೆರಿಗೆಗೆಲ್ಲ ಸ್ಟೇಪ್ಲರ್ ಪಿನ್ನು! ನಮ್ಮ ಕೆಲಸದ ಹುಡುಗ ಒಂದನ್ನು ಇಟ್ಟುಕೊಂಡು ಒಂದು ಬುಟ್ಟಿ ಗೊಬ್ಬರ ಹೊತ್ತ. ಮೂರನೇ ಸುತ್ತಿಗೆ ಅದು ತಲೆಯ ಮೇಲೆಯೇ ಎರಡಾಯಿತು. ಪಿನ್ನು ಚುಚ್ಚಿತೆಂದು ಅವನು ನಮಗೆ ಕೇಳುವ ಹಾಗೆಯೇ ಬೈದ.

ಕಡೆಗೆ ನಾವು ತೋಡಿನ ಬದಿಯ ಮನೆಗೆ ಹೋದೆವು. ಹನ್ನೆರಡು ವರ್ಷದ ಹಿಂದೆ ಅರ್ಜಿ ಹಿಡಿದು ನಮ್ಮ ಮುಂದೆ ನಿಂತಿದ್ದವರ ಮುಂದೆ ಈಗ ನಾವು ಹೋಗಿ ನಿಲ್ಲಬೇಕಾಯಿತು. ಅಕ್ಕ ಬೀಡಿಯ ಸೂಪು ಕೆಳಗಿಟ್ಟು ಮಣೆ ಕೊಟ್ಟರು. ವಿಷಯ ಹೇಳಿದೆವು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಮೂವತ್ತು ಟೊಪ್ಪಿ ಬೇಕು ಅಂತ ಬಂದಿರಾ ಅಣ್ಣ. ಟೊಪ್ಪಿಗೆ ಮೊದಲು ಸೂಜಿ ಆಗಬೇಕಲ್ಲ" ಎಂದರು. ಡಬ್ಬಿ ತಂದರು. ಏಳು ಸೂಜಿಯಲ್ಲಿ ಮೂರು ತುಕ್ಕು ತಿಂದು ಹೋಗಿತ್ತು. ಚಿಮಟಕ್ಕೆ ಹುಳ ಹಿಡಿದಿತ್ತು. ಅಚ್ಚಿನ ಒಂದು ಹೋಳು ಬಚ್ಚಲಿನ ಹಂಡೆಗೆ ಅಡಿಗಟ್ಟಾಗಿ ಕೂತಿತ್ತು, ಇನ್ನೊಂದು ಯಾವತ್ತೋ ಒಲೆಗೆ ಹೋಗಿತ್ತು. ಹಗ್ಗ ಮಾತ್ರ ಹಾಗೇ ಇತ್ತು, ಗಂಟು ಸಮೇತ.

ಸೂಜಿಗಾಗಿ ಸಂಘದ ನೋಟೀಸು ಬೋರ್ಡಿನಲ್ಲಿ "ಹಳೆಯ ಉದ್ದ ಕೊಡೆ ಇದ್ದವರು ತಂದುಕೊಡಿ" ಎಂದು ಬರೆಸಿದೆವು. ಒಂದು ವಾರದಲ್ಲಿ ಹನ್ನೊಂದು ಕೊಡೆ ಬಂತು. ಸಂಘದವರು ಕೊಡೆ ರಿಪೇರಿಯನ್ನೂ ಶುರು ಮಾಡಿದರಾ ಎಂದು ಒಬ್ಬರು ಸದಸ್ಯರು ಕೇಳಿದರು. ಅದರಲ್ಲಿ ಎಂಟು ಮಡಚುವ ಕೊಡೆ. ಅವುಗಳ ಕಡ್ಡಿ ತೆಳು ಅಲ್ಯೂಮಿನಿಯಂ, ಉಜ್ಜಲೂ ಆಗದು, ಚುಚ್ಚಲೂ ಆಗದು. ಉಳಿದ ಮೂರರಲ್ಲಿ ಒಂದಕ್ಕೆ ಮಾತ್ರ ಅಜ್ಜನ ಕಾಲದ ಹಾಗಿನ ಗಟ್ಟಿ ಕಡ್ಡಿ ಇತ್ತು. ಅದರಿಂದ ಅಕ್ಕ ಐದು ಸೂಜಿ ಉಜ್ಜಿದರು, ನೀರು ಹಾಕಿಯೇ. ಯೂರಿಯಾ ಚೀಲದ್ದು ಈಗ ಬರುವುದು ಜಾರುವ ನೂಲು, ಗಂಟು ನಿಲ್ಲುವುದಿಲ್ಲ. ಅದಕ್ಕೆ ಮೇಣ ಎರಡು ಸಲ ತಿಕ್ಕಬೇಕಾಯಿತು. ಅಚ್ಚಿನ ಹೋಳನ್ನು ನಾವು ಮಾಡಿಸಿಕೊಡುತ್ತೇವೆ ಎಂದು ಹೇಳಿ ಆಚಾರಿಯವರಿಂದ ಹಲಸಿನ ಮರದಲ್ಲಿ ಕೆತ್ತಿಸಿ ತಂದೆವು. ಒಳ್ಳೆಯ ಪಾಲಿಶು. ಹಳೆಯ ಹೋಳಿನ ಜೊತೆ ಕಟ್ಟಿ ಬೆಣೆ ಬಡಿದರೆ ಗಟ್ಟಿ ಮರ ನಿಂತಲ್ಲೇ ನಿಂತಿತು, ಮೆತ್ತಗಿನ ಮರ ಮಾತ್ರ ಸರಿಯಿತು, ಮುಟ್ಟಾಳೆ ಒಂದು ಕಡೆಗೆ ವಾಲಿತು. ಅಕ್ಕ ಅದನ್ನು ಪಕ್ಕಕ್ಕೆ ಇಟ್ಟು, ಹಾಲೆ ಮರದ ಒಂದು ತುಂಡು ತರಿಸಿಕೊಂಡು ತಾವೇ ಕೆತ್ತಿದರು. ಮೊದಲ ತುಂಡು ಹಾಳಾಯಿತು. ಎರಡನೆಯದು ಕೂತಿತು. ನಮ್ಮ ಹಲಸಿನ ಹೋಳು ಈಗ ಅವರ ಹಂಡೆಯ ಅಡಿಯಲ್ಲಿ ಉಂಟು.

ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಹದಿನಾಲ್ಕು ಮುಟ್ಟಾಳೆ ಆಗಿದೆ. ಮೊದಲ ಐದರ ಹೊಲಿಗೆ ತಮಗೇ ಸರಿ ಕಾಣಲಿಲ್ಲವೆಂದು ಅವರು ಬಿಚ್ಚಿ ಪುನಃ ಹೊಲಿದಿದ್ದಾರೆ. ಮೂವತ್ತು ಆಗುವುದಿಲ್ಲ ಎಂದು ಸ್ವಾಗತ ಸಮಿತಿಗೆ ತಿಳಿಸಿದ್ದೇವೆ. ಹದಿನಾಲ್ಕಕ್ಕೂ ಸಂಘದಿಂದ ನಗದು ಕ್ರಯ ಕೊಡಲಾಗಿದೆ, ಅಕ್ಕಿ ತೆಂಗಿನಕಾಯಿಯ ಲೆಕ್ಕ ಇಲ್ಲ. ಕಳೆದ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ, ಸಾಲದ ಅರ್ಜಿಯಲ್ಲಿ "ಅರ್ಜಿದಾರರು ಸ್ವತಃ ತಯಾರಿಸಿದ ಸಲಕರಣೆಗಳು" ಎಂಬ ಒಂದು ಕಲಮು ಸೇರಿಸಬೇಕೆಂದು ನಾವು ಸೂಚಿಸಿದೆವು. ಅದರ ಮೌಲ್ಯವನ್ನು ಯಾರು ಹಾಕುವುದು ಎಂದು ಅಧ್ಯಕ್ಷರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕಪರಿಶೋಧಕರನ್ನು ಕೇಳಿ ಮುಂದಿನ ಸಭೆಯಲ್ಲಿ ನೋಡುವುದು ಎಂದಾಗಿದೆ. ಈ ಸಲ ಅದು ಮುಂದೂಡಿಯೇ ಹೋಗದ ಹಾಗೆ ನಾವು ಕೇಳುತ್ತಾ ಇರುತ್ತೇವೆ, ಸದಸ್ಯರೂ ಮಹಾಸಭೆಯಲ್ಲಿ ಕೇಳಬೇಕು.

ಬೆಳ್ಳಿಹಬ್ಬದ ದಿನ ಸಂಘದ ಕಚೇರಿಯ ಹೊರಗಿನ ಮೇಜಿನ ಮೇಲೆ ಅಜ್ಜನ ಡಬ್ಬಿ, ಹಗ್ಗ, ಅಚ್ಚು, ಹಳೆಯ ಸೂಜಿ, ಹೊಸ ಸೂಜಿ ಎಲ್ಲವನ್ನೂ ಇಡುತ್ತೇವೆ. ಸದಸ್ಯ ಬಾಂಧವರು ಮಕ್ಕಳನ್ನೂ ಕರೆದುಕೊಂಡು ಬಂದು ನೋಡಬೇಕಾಗಿ ವಿನಂತಿ. ಸಂಘದ ಗಾಜಿನ ಕಪಾಟಿನಲ್ಲಿ ಕಾಯಂ ಇಡೋಣವೇ ಎಂದು ಅಕ್ಕನನ್ನು ಕೇಳಿದ್ದೆವು. ಬೇಡ, ಸಭೆ ಮುಗಿದ ಸಂಜೆಯೇ ವಾಪಸ್ ತಂದುಕೊಡಿ, ಸೋಮವಾರ ನೆನೆಸಿದ ಹಾಳೆ ಉಂಟು ಎಂದಿದ್ದಾರೆ.